ಮೂರನೇ ತಿರುವಿನಲ್ಲಿ ಬೀಳುವ ಸಿಪಾಯಿ

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಯುದ್ಧಕ್ಕೆ ಹೋಗುತ್ತಿದ್ದೆ ಎಂದರೆ ನೀವು ನಗುತ್ತೀರಿ. ನಗಿ, ಬೇಜಾರಿಲ್ಲ. ನಲವತ್ತಾರು ವರ್ಷದ, ಮಂಡಿನೋವಿನ, ಜಿರಲೆ ಕಂಡರೆ ಮಂಚ ಹತ್ತುವ ಟೈಪಿಂಗ್ ಟೀಚರು ಮೆಷಿನ್ ಗನ್ ಹಿಡಿದು ಶತ್ರುಗಳ ನೆಲಮಾಳಿಗೆ ಹೊಕ್ಕಳೆಂದರೆ ನನಗೇ ನಗು ಬರುತ್ತದೆ.

ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು. ತೊಂಬತ್ತರ ದಶಕ ಮುಗಿಯುತ್ತ ಬಂದಂತೆ ಹುಡುಗಿಯರು ಬಾಗಿಲಲ್ಲೇ ನಿಂತು "ಕಂಪ್ಯೂಟರ್ ಐತಾ ಮೇಡಂ?" ಎಂದು ಕೇಳಿ, ಇಲ್ಲವೆಂದರೆ ಚಪ್ಪಲಿಯನ್ನೂ ಬಿಡದೆ ಹೊರಟುಹೋಗತೊಡಗಿದರು. ಹಾಗಾಗಿ ಬೆಂಗಳೂರಿನಿಂದ ಒಂದು ಹಳೆಯ ಕಂಪ್ಯೂಟರು ಬಂತು. ಯಾವ ಪುಣ್ಯಾತ್ಮ ಬಳಸಿ ಬಿಟ್ಟದ್ದೋ, ಅದರ ಹೊಟ್ಟೆಯಲ್ಲಿ ಒಂದು ಯುದ್ಧದ ಆಟವೂ ಇತ್ತು. ಪರದೆಯ ಕೆಳಗೆ ಒಂದು ಬಂದೂಕು ಕಾಣುತ್ತದೆ. ಹಿಡಿದವನು ಕಾಣುವುದಿಲ್ಲ, ಏಕೆಂದರೆ ಹಿಡಿದವರು ನಾವೇ. ಒಂದು ಕೀ ಒತ್ತಿದರೆ ನಡೆಯುತ್ತೇವೆ, ಇನ್ನೊಂದು ಒತ್ತಿದರೆ ಸುಡುತ್ತೇವೆ. ಇಪ್ಪತ್ತು ವರ್ಷ ಹುಡುಗಿಯರಿಗೆ ಹತ್ತು ಬೆರಳೂ ಬಳಸಿರೆಂದು ಗದರಿದವಳು ಒಂದೇ ಬೆರಳಲ್ಲಿ ಜನರನ್ನು ಕೊಲ್ಲತೊಡಗಿದೆ.

ಯಾಕೆ ಆಡಿದೆ? ದಣಿದಿದ್ದೆ, ಅಷ್ಟೇ. ಮಲಗಿದರೆ ಇಲ್ಲದ ಯೋಚನೆಗಳು ಬರುತ್ತಿದ್ದವು. ಯುದ್ಧದಲ್ಲಿ ಅದಕ್ಕೂ ಪುರುಸೊತ್ತಿಲ್ಲ. ಹಾಲು ಉಕ್ಕಿ ಒಲೆ ಪಾಲಾಯಿತು, ಹುರುಳಿ ಸಾರು ತಳ ಹಿಡಿಯಿತು. ಕರೆಂಟು ಹೋದಾಗ ಮಾತ್ರ ಕದನವಿರಾಮ.

ನಮ್ಮ ಯಜಮಾನರು ಕೋರಮಂಡಲ್ ಕಡೆಯ ಚಿನ್ನದ ಗಣಿಯಲ್ಲಿ ಭೂಮಿಯೊಳಗಿನ ಕೆಲಸದವರು. ಬೆಳಗಿನ ಪಾಳಿ ಮುಗಿಸಿ, ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹಿಡಿದು ಬಂದು, ಊಟ ಮಾಡಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಡುವರು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಗಣಿಯೊಳಗೆ ಹೇಗಿದೆಯೆಂದು ಒಂದು ಮಾತು ಆಡಿದವರಲ್ಲ. ಕೇಳಿದರೆ "ಕತ್ಲೆ ಐತೆ, ಇನ್ನೇನಿರ್ತೈತೆ" ಎನ್ನುವರು. ಮೊದಮೊದಲು ನನಗೆ ಕೋಪ ಬರುತ್ತಿತ್ತು. ಆಮೇಲೆ ಕೋಪವೂ ದಣಿಯಿತು. ಗಂಡನ ಬೆನ್ನು ನೋಡಿಕೊಂಡು ಬದುಕುವುದು ಅಭ್ಯಾಸವಾಯಿತು. ಹೀಗೇ ಮುಗಿದುಹೋಗುತ್ತದೇನೋ ಎಂಬ ಭಯ ಮಾತ್ರ ಇತ್ತು.

ಆಟದಲ್ಲಿ ಒಂದು ಸುರಂಗ. ನಮ್ಮ ಕಡೆಯ ಸಿಪಾಯಿಯೊಬ್ಬ ದಾರಿ ತೋರಿಸುತ್ತ ಮುಂದೆ ಹೋಗಿ, ಮೂರನೇ ತಿರುವಿನಲ್ಲಿ ಗುಂಡು ತಗಲಿ ಬೀಳುತ್ತಾನೆ. ಪ್ರತಿಸಲವೂ ಬೀಳುತ್ತಾನೆ, ಅದು ಅವನ ಹಣೆಬರಹ. ಅವನನ್ನು ದಾಟಿ ನಾಲ್ಕು ಹೆಜ್ಜೆ ಹೋಗಿ ನಾನೂ ಸಾಯುತ್ತಿದ್ದೆ. ಒಂದು ಮಧ್ಯಾಹ್ನ ಹಾಗೆ ದಾಟುವಾಗ ಬೆನ್ನ ಹಿಂದಿನಿಂದ ದನಿ ಬಂತು.

"ಏನೇ, ಅವುನ್ನ ಬುಟ್ಟು ಓಯ್ತಾ ಇದೀಯಾ?"

ಯಜಮಾನರು, ಕೈಯಲ್ಲಿ ಟಿಫನ್ ಕ್ಯಾರಿಯರ್ ಹಿಡಿದೇ ನಿಂತಿದ್ದರು. "ಸತ್ತೋದ್ನಲ್ರೀ," ಎಂದೆ.

"ಸತ್ರೇನು? ಮ್ಯಾಲಕ್ಕೆ ಎತ್ಕೊಂಡೋಗೋರು ಬರೋಗಂಟ ಒಬ್ರು ಪಕ್ಕದಾಗೆ ಕೂತಿರ್ಬೇಕು. ಗಣಿ ಒಳ್ಗೆ ಅದೇ ರೂಲ್ಸು. ವಾಪಸ್ ಓಗು."

ಗಣಿಯ ನೇಮವನ್ನು ಕಂಪ್ಯೂಟರಿಗೆ ಯಾರು ಹೇಳಿದ್ದಾರೆ? ಆದರೂ ವಾಪಸ್ ಹೋಗಿ ಅವನ ಪಕ್ಕ ನಿಂತೆ. ಇವರು ಸ್ಟೂಲ್ ಎಳೆದುಕೊಂಡು ಕುಳಿತರು. ಸ್ಟ್ರೆಚರ್ ಬರುತ್ತದೆಂದು ಇಬ್ಬರೂ ಕಾದೆವು. ಬಂದವರು ಶತ್ರುಗಳು. ನಾನೂ ಸತ್ತೆ.

ನನ್ನ ತವರಿನ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ಕೆಳಗಿನ ಸಾಲಿನಲ್ಲಿ ಕಾದಾಟ. ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ಎರಡು ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ದೇವರ ಮುಂದೆ ಕೂತಿದ್ದಾನೆ. ಚಿಕ್ಕಂದಿನಲ್ಲಿ ನಾವು ಅದಕ್ಕೆ ಎಮ್ಮೆ ಕಟ್ಟುತ್ತಿದ್ದೆವು. ಓದಿದವರು ಯಾರೋ ಬಂದು ಅರ್ಥ ಹೇಳಿದ ಮೇಲೆ ನಾಚಿಕೊಂಡು ಅರಿಶಿನ ಹಚ್ಚಿದೆವು. ಈ ಆಟ ಮಾಡಿದ ಜಾಣರು ಕೆಳಗಿನ ಸಾಲೊಂದನ್ನೇ ಕೆತ್ತಿ ಕೈತೊಳೆದುಕೊಂಡಿದ್ದಾರೆ, ಎತ್ತಿ ಒಯ್ಯುವವರೇ ಇಲ್ಲ ನೋಡಿ, ಎಂದು ತಮಾಷೆ ಮಾಡಿದೆ. ಇವರು ನಗಲಿಲ್ಲ.

"ನನ್ ಜೋಡಿ ಇದ್ನಲ್ಲ, ಒಂದೇ ಪಾಳೀಲಿ ಕೆಲ್ಸ ಮಾಡೋನು, ನಮ್ ಮದ್ವೆಗೆ ಚಪ್ರ ಆಕಿದ್ನಲ್ಲ, ಏರ್‌ಬ್ಲಾಸ್ಟ್ ಆಗಿ ಅವುನ ಮ್ಯಾಲೆ ಬಂಡೆ ಸಿಡ್ದು ಬಿತ್ತು. ಜನ ಕರ್ಕೊಂಬರಕ್ಕೆ ಓಗಿದ್ದೆ ಅಂತ ಎಲ್ರಿಗೂ ಏಳಿದೀನಿ. ಸುಳ್ಳು ಕಣೇ. ಎದ್ರ್ಕೊಂಡು ಓಡ್ದೆ. ಜನ ಬರೋಗಂಟ ಅವ್ನೊಬ್ನೇ ಇದ್ದ."

ಆ ಸಾವು ನನಗೆ ಗೊತ್ತಿತ್ತು, ಮದುವೆಯಾದ ಮರುವರ್ಷದ್ದು. ಈ ಓಟ ಗೊತ್ತಿರಲಿಲ್ಲ. ಇಷ್ಟು ವರ್ಷ ಗೋಡೆಗೆ ಮುಖ ಮಾಡಿ ಇವರು ನಿದ್ದೆ ಮಾಡುತ್ತಿದ್ದಾರೆಂದುಕೊಂಡಿದ್ದೆನಲ್ಲ ಎಂದು ಅಳು ಬಂತು. ಕೀ ಒತ್ತಿದೆ. ಆಟ ಮೊದಲಿಂದ ಶುರುವಾಯಿತು. ಸಿಪಾಯಿ ಮೈಮೇಲೆ ಒಂದು ಗೀರೂ ಇಲ್ಲದೆ ದಾರಿ ತೋರಿಸುತ್ತ ಹೊರಟ.

"ಎದ್ಬುಟ್ನಲ್ಲೇ!" ಎಂದರು ಇವರು. ಟಿಫನ್ ಕ್ಯಾರಿಯರ್ ಕೆಳಗಿಟ್ಟರು.

ಅಂದಿನಿಂದ ಮಧ್ಯಾಹ್ನ ಇಬ್ಬರೂ ಕೂರುತ್ತಿದ್ದೆವು. ಮೂರನೇ ತಿರುವಿನಲ್ಲಿ ಅವನು ಬಿದ್ದೊಡನೆ ನಾನು ಕೀಗಳಿಂದ ಕೈ ತೆಗೆಯುತ್ತಿದ್ದೆ. ಶತ್ರುಗಳು ಬರುವುದರೊಳಗೆ ಸ್ವಲ್ಪ ಹೊತ್ತು ಸಿಗುತ್ತಿತ್ತು. ಅಷ್ಟರಲ್ಲಿ ಇವರು ಗಣಿಯ ಒಂದು ಸಂಗತಿ ಹೇಳುವರು: ಒಳಗೆ ಬಂಡೆ ಮುಟ್ಟಿದರೆ ಬಿಸಿ ಎಂದು ಒಂದು ದಿನ, ಜೋಡಿ ತಮಿಳಿನಲ್ಲಿ ಹಾಡು ಗುನುಗುತ್ತಿದ್ದನೆಂದು ಇನ್ನೊಂದು ದಿನ. ಅಷ್ಟು ಹೇಳುವುದರೊಳಗೆ ಗುಂಡು ಬೀಳುತ್ತಿತ್ತು. ಸತ್ತು, ಎದ್ದು, ಕಾಫಿ ಕುಡಿಯುತ್ತಿದ್ದೆವು.

ಆಟ ಬಲ್ಲವರು ಆಮೇಲೆ ಹೇಳಿದರು, ಆ ಸುರಂಗದಾಚೆ ಇನ್ನೂ ಎಷ್ಟೋ ಸುರಂಗಗಳಿವೆಯಂತೆ, ಎಲ್ಲ ಗೆದ್ದರೆ ಪದಕ ಕೊಡುತ್ತಾರಂತೆ. ಕೊಡಲಿ. ನಮಗೆ ಮೂರನೇ ತಿರುವಿನಲ್ಲೇ ಕೆಲಸವಿತ್ತು.