ಬಗ್ಗಿ ನಿಲ್ಲುವ ಗಾಡಿ

ಗಾಡಿ ರಿಪೇರಿಗೆ ತಂದವರನ್ನು ಕಿವಿ ಮೇಸ್ತ್ರಿ ಮೊದಲು ಒಂದು ಮಾತು ಕೇಳುತ್ತಾನೆ: “ಇದು ಹೀಗೆ ಕೆಟ್ಟಿರೋದ್ರಿಂದ ನಿಮಗೇನಾದ್ರೂ ಅನುಕೂಲ ಆಗ್ತಿದೆಯಾ?”

ಬಂದವರು ಕಣ್ಣುಕಣ್ಣು ಬಿಡುತ್ತಾರೆ. ಬಾಯಿ ಜೋರಿರುವವರು, “ಗಾಡಿ ಕೆಟ್ರೆ ಅನುಕೂಲ ಆಗೋದು ನಿಮಗೇ ಅಲ್ವಾ ಮೇಸ್ತ್ರಿ?” ಎಂದು ನಗುತ್ತಾರೆ. ಅವನು ನಗುವುದಿಲ್ಲ. ಕೈಯೊರೆಸುವ ಬಟ್ಟೆ ಹಿಡಿದುಕೊಂಡು ಉತ್ತರ ಬರುವವರೆಗೂ ನಿಂತಿರುತ್ತಾನೆ.

ಮುಂಚೆ ಅವನು ಹೀಗೆ ಕೇಳಿದವನೇ ಅಲ್ಲ. ಓಡುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಾನಿಸಿಕೊಂಡು ಒಳಗಿನ ಸದ್ದು ಆಲಿಸುವುದು ಅವನ ರೂಢಿ. ಹೆಸರು ಬಂದದ್ದು ಅದರಿಂದಲೇ. ಗಿರಾಕಿ ಬಾಯಿ ತೆರೆದರೆ, “ನೀವು ಹೇಳ್ಬೇಡಿ, ಗಾಡಿ ಹೇಳುತ್ತೆ” ಎಂದು ಕೈಯೆತ್ತಿ ತಡೆಯುತ್ತಿದ್ದ. ಒಂದಕ್ಕೆಂದು ಬಂದ ಗಾಡಿಯಲ್ಲಿ ಇನ್ನೊಂದು ಕೆಟ್ಟದ್ದು ಕಂಡರೆ ಅದನ್ನೂ ಸರಿ ಮಾಡದೆ ಹೊರಗೆ ಬಿಡುತ್ತಿರಲಿಲ್ಲ. ತನ್ನ ಷೆಡ್ಡಿನಿಂದ ಗಾಡಿ ಕುಂಟುತ್ತಾ ಹೋದರೆ ತನ್ನ ಮುಖಕ್ಕೇ ಮಸಿ ಬಳಿದಂತೆ ಎಂಬುದು ಅವನ ಎಣಿಕೆ.

ಅಕ್ಕನ ಗಾಡಿ ಷೆಡ್ಡಿಗೆ ಬಂದದ್ದು ಬ್ಯಾಟರಿ ದೆಸೆಯಿಂದ.

ಅದು ದೊಡ್ಡವರ ಗಾಡಿ. ಭಾವ ಅದನ್ನು ಒಬ್ಬ ಸಾಹುಕಾರರ ಮನೆಯಲ್ಲಿ ವರ್ಷಗಟ್ಟಲೆ ಓಡಿಸಿದ್ದರು. ಸಾಹುಕಾರರು ಊರು ಬಿಡುವಾಗ, “ಇದರ ಚಾಳಿ ನಿನಗೊಬ್ಬನಿಗೇ ಗೊತ್ತು” ಎಂದು ಕೀಲಿಯನ್ನು ಭಾವನ ಕೈಗೇ ಹಾಕಿ ಹೋದರು. ಚರ್ಮದ ಸೀಟು, ಚಾವಣಿಯಲ್ಲಿ ಗಾಜಿನ ಕಿಟಕಿ, ನಾಲ್ಕು ಮೂಲೆಗೂ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ಗುಂಡಿ ಒತ್ತಿದರೆ ಹತ್ತುವವರಿಗಾಗಿ ಆನೆಯಂತೆ ತಗ್ಗುತ್ತಿತ್ತು. ವಯಸ್ಸಾದಂತೆ ಅದರ ಒಂದೊಂದೇ ಅಂಗ ಕೈಕೊಟ್ಟಿತು. ಡ್ಯಾಶ್‌ಬೋರ್ಡಿನಲ್ಲಿ ಸದಾ ಯಾವುದಾದರೊಂದು ಎಚ್ಚರಿಕೆಯ ದೀಪ ಉರಿಯುತ್ತಲೇ ಇರುತ್ತಿತ್ತು. ಆಮೇಲೆ ಭಾವನಿಗೇ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಸ್ಟೀರಿಂಗ್ ಅಕ್ಕನ ಕೈಗೆ ಬಂತು.

“ಬೆಳಗ್ಗೆ ಎದ್ರೆ ಸ್ಟಾರ್ಟೇ ಆಗಲ್ಲ ಕಣೋ” ಎಂದಳು ಅಕ್ಕ. “ಆಮೇಲೆ ಇನ್ನೊಂದು ವಿಷ್ಯ...”

“ನೀನು ಹೋಗಕ್ಕ, ಎಲ್ಲಾ ನಾನು ನೋಡ್ಕೋತೀನಿ.”

ಕಾರ್ಪೆಟ್ ಎತ್ತಿದರೆ ಕೆಳಗೆಲ್ಲ ನೀರು. ಚಾವಣಿ ಕಿಟಕಿಯ ನೀರು ಇಳಿದುಹೋಗುವ ಸಣ್ಣ ಕೊಳವೆ ಎಲೆಚೂರಿನಿಂದ ಕಟ್ಟಿಕೊಂಡಿತ್ತು. ನೀರು ಸೀಟಿನಡಿಯ ಕಂಟ್ರೋಲ್ ಬಾಕ್ಸಿಗೆ ಹೊಕ್ಕು, ಒಳಗೆಲ್ಲ ಹಸಿರು ಕಿಲುಬು. ಗಾಡಿ ಆರಿಸಿದರೂ ಆ ಪೆಟ್ಟಿಗೆ ಮಲಗದೆ ಬ್ಯಾಟರಿ ಹೀರುತ್ತಿತ್ತು. ತಗ್ಗಿಸುವ ಗುಂಡಿ ಎಂದೋ ಸತ್ತದ್ದೂ ಅದರಿಂದಲೇ. ಮೇಸ್ತ್ರಿ ಕೊಳವೆ ಬಿಡಿಸಿದ, ಪೆಟ್ಟಿಗೆ ಕಿತ್ತ; ಗಾಳಿ ತುಂಬುವ ಪಂಪಿಗೆ ಅದರ ಹಂಗಿರಲಿಲ್ಲ. ಬ್ಯಾಟರಿ ಚಾರ್ಜ್ ಹಿಡಿಯಿತು.

ಮರುದಿನ ನೋಡಿದರೆ ಡ್ರೈವರ್ ಪಕ್ಕದ ಸೀಟಿನ ಕಡೆ ಗಾಡಿಯ ಮುಂದಿನ ಮೂಲೆ ನೆಲಕ್ಕೆ ಕುಸಿದಿತ್ತು. ಸೋಪು ನೀರು ಬಳಿದಾಗ ಗಾಳಿಚೀಲದ ಮಡಿಕೆಯಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಇವತ್ತೋ ನಾಳೆಯೋ ದಾರಿಯಲ್ಲೇ ಹರಿದುಹೋಗುವ ಚೀಲ. ಅಕ್ಕನಿಗೆ ಒಂದು ಮಾತೂ ಹೇಳದೆ ಹೊಸದು ತರಿಸಿ ಹಾಕಿದ. ಗಾಡಿ ತಲೆಯೆತ್ತಿ ನಿಂತಾಗ ಅವನ ಹೊಟ್ಟೆ ತಂಪಾಯಿತು. ತಾನೇ ತೊಳೆದು, ಒಯ್ದು, ಅಕ್ಕನ ಬಾಗಿಲಲ್ಲಿ ನಿಲ್ಲಿಸಿ ಬಂದ.

ಅಕ್ಕನಿಂದ ಒಂದು ಒಳ್ಳೆ ಮಾತೂ ಬರಲಿಲ್ಲ. ವಾರ ಕಳೆದ ಮೇಲೆ ತಾನೇ ಹೋದ. ಗಾಡಿ ನಿಲ್ಲಿಸಿದಲ್ಲೇ ಇತ್ತು. ಬಾನೆಟ್ಟಿನ ಮೇಲೆ ಧೂಳು. ಒಳಗೆ ಭಾವ ವೀಲ್‌ಚೇರಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದರು. ವಾರಕ್ಕೊಮ್ಮೆ ಊರಾಚೆಯ ಸೇತುವೆಗೆ ಹೋಗಿ, ಗಾಡಿಯಲ್ಲೇ ಕೂತು, ಹೋಗಿಬರುವ ಲಾರಿಗಳ ಡ್ರೈವರುಗಳನ್ನೆಲ್ಲ ಬೈಯುವುದೊಂದೇ ಅವರಿಗೆ ಉಳಿದಿದ್ದ ಸುಖ.

“ಸೇತುವೆ ಕಡೆ ಹೋಗ್ಲಿಲ್ವಾ ಭಾವ?”

“ಅದೆಲ್ಲ ಮುಗೀತು.”

ಅಕ್ಕ ಅವನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು. “ಆ ಮೂಲೆ ಕುಸೀತಿತ್ತಲ್ಲ, ಆಗ ಸೀಟು ಅವರ ಚೇರಿನ ಸಮಕ್ಕೆ ಬರ್ತಿತ್ತು ಕಣೋ. ನಡುವೆ ಹಲಗೆ ಇಟ್ರೆ ಬಲಗೈ ಊರಿ ತಾವೇ ಜಾರ್ಕೊಂಡು ಕೂತ್ಕೋತಿದ್ರು. ಆಮೇಲೆ ನಾನು ಸ್ಟಾರ್ಟ್ ಮಾಡಿದ್ರೆ ಗಾಡಿ ಮೇಲೇಳ್ತಿತ್ತು.”

“ಅಕ್ಕಪಕ್ಕದವರನ್ನ ಕರೆದು ಎತ್ತಿಸಿದ್ರೆ?”

“ಎತ್ತಿಸ್ದೆ. ‘ಇನ್ನೊಂದ್ಸಲ ನನ್ನನ್ನ ಮೂಟೆ ಥರ ಎತ್ತಿಸ್ಬೇಡ’ ಅಂದ್ರು. ಅವತ್ತಿಂದ ಹೊರಗೆ ಮುಖ ತೋರ್ಸಿಲ್ಲ.”

“ಮೊದ್ಲೇ ಹೇಳ್ಬಾರ್ದಿತ್ತಾ?”

“ಬಾಯಿ ತೆಗ್ದೆ. ನೀನೇ ‘ಹೋಗಕ್ಕ’ ಅಂದೆ.” ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. “ಗುಂಡಿ ಕೆಟ್ಮೇಲೆ ಹೇಗಪ್ಪಾ ಅಂತಿದ್ದೆ. ಒಂದು ಬೆಳಗ್ಗೆ ನೋಡಿದ್ರೆ ತಾನಾಗೇ ಬಗ್ಗಿ ನಿಂತಿದೆ. ದೇವರೇ ಬಂದು ಗಾಳಿ ಬಿಟ್ಟು ಹೋಗ್ತಾನೆ ಅಂತ ದಿನಾ ಕೈಮುಗೀತಿದ್ದೆ ಕಣೋ.”

ಅವನು ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ. ತಗ್ಗಿಸುವ ಗುಂಡಿಗೆ ಜೀವ ಕೊಡುವ ಪೆಟ್ಟಿಗೆ, ಅಷ್ಟು ಹಳೆಯ ಗಾಡಿಯದು, ಎಲ್ಲೂ ಸಿಗಲಿಲ್ಲ. ಹರಿಯುವ ಚೀಲವನ್ನು ತಿರುಗಿ ಹಾಕಲು ಮನಸ್ಸು ಬರಲಿಲ್ಲ. ದಾರಿಯಲ್ಲಿ ಹರಿದರೆ ಒಳಗೆ ಕೂತಿರುವವರು ಅವರಿಬ್ಬರು. ಕೊನೆಗೆ ಭಾವನ ಎದುರು ಹೋಗಿ ಮಂಡಿಯೂರಿ ಕೂತ.

“ಭಾವ, ಬಲಗೈ ಎಲ್ಲೀವರೆಗೆ ಚಾಚೋಕಾಗುತ್ತೆ? ತೋರಿಸಿ.”

“ಯಾಕೆ, ನನ್ನನ್ನೂ ರಿಪೇರಿ ಮಾಡ್ತೀಯಾ? ಬೇಡಪ್ಪಾ. ಆಮೇಲೆ ಇರೋದೂ ಹೋಗುತ್ತೆ.”

“ಬೈಯಿರಿ ಭಾವ. ಆದ್ರೆ ಕೈ ಚಾಚಿ.”

ಭಾವ ಚಾಚಿದರು. ಮೇಸ್ತ್ರಿ ಅಳತೆ ತೆಗೆದುಕೊಂಡ. ಗಾಳಿಚೀಲಕ್ಕೆ ಹೋಗುವ ಪೈಪನ್ನು ಕತ್ತರಿಸಿ, ನಡುವೆ, ತಿರುಗಿಸಿದರೆ ಗಾಳಿ ಹೊರಬಿಡುವ ಪುಟ್ಟ ಹಿತ್ತಾಳೆ ನಲ್ಲಿಯೊಂದನ್ನು ಕೂರಿಸಿ, ಅದು ಮುಂದಿನ ಚಕ್ರದ ಮೇಲಂಚಿನಲ್ಲಿ ವೀಲ್‌ಚೇರಿನಿಂದಲೇ ಕೈಗೆಟುಕುವಂತೆ ಬಿಗಿದ.

ಮಾರನೆಯ ಬೆಳಗ್ಗೆ ಅಕ್ಕ ಚೇರನ್ನು ಗಾಡಿಯ ಪಕ್ಕಕ್ಕೆ ತಳ್ಳಿದಳು. ಭಾವ ತುಂಬ ಹೊತ್ತು ನಲ್ಲಿಯನ್ನೇ ನೋಡಿದರು. ತಿರುಗಿಸಿದರು. ಗಾಳಿ ಬುಸ್ಸೆಂದಿತು. ದೊಡ್ಡವರ ಆ ಗಾಡಿ ನಿಧಾನವಾಗಿ ಅವರ ಪಕ್ಕಕ್ಕೆ ಬಗ್ಗಿತು. ಅವರು ನಲ್ಲಿ ಮುಚ್ಚಿದರು, ಅಕ್ಕ ಹಲಗೆ ಇಟ್ಟಳು. ಯಾರೂ ಮುಟ್ಟಲಿಲ್ಲ. ಭಾವ ಬಲಗೈ ಊರಿ, ಉಸಿರು ಬಿಗಿಹಿಡಿದು, ಜಾರಿ ಕೂತರು. ಬೆವರೊರೆಸಿಕೊಂಡು ಮೇಸ್ತ್ರಿಯ ಕಡೆ ತಿರುಗಿದರು.

“ಹಿಂದೆ ಹತ್ತೋ. ಇವತ್ತು ಲಾರಿಯವರ ಪಾಲಿನ ಬೈಗುಳವೂ ನಿಂಗೇ.”

ಭಾವ ಎರಡು ವರ್ಷ ಸೇತುವೆಗೆ ಹೋದರು; ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋಗಿಬಿಟ್ಟರು. ಅದಾದ ಮೇಲೆ ಅಕ್ಕ ಬ್ರೇಕ್ ನೋಡಿಸಲೆಂದು ಒಬ್ಬಳೇ ಬಂದಾಗ, ಮೇಸ್ತ್ರಿ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಸೋಪು ನೀರು ಬಳಿದಾಗ ನಲ್ಲಿಯ ಸುತ್ತ ಸಣ್ಣ ಗುಳ್ಳೆಗಳು ಎದ್ದವು.

“ಅಕ್ಕಾ, ಇದನ್ನ ತೆಗೆದುಬಿಡ್ಲಾ? ಇರ್ಲಾ?”

ಅವಳು ಬಗ್ಗಿ ನಲ್ಲಿಯ ಮೇಲೆ ಬೆರಳಾಡಿಸಿದಳು. ಅವನು ಕಾದ.

“ಇರ್ಲಿ ಬಿಡೋ” ಎಂದಳು.

ಅವನು ನಲ್ಲಿ ಬಿಚ್ಚಿ, ಹೊಸ ವಾಷರ್ ಹಾಕಿ, ಇದ್ದಲ್ಲೇ ಬಿಗಿದ.