ಸ್ಯಾನ್ ಫ್ರಾನ್ಸಿಸ್ಕೋ ಚೆಕ್ ಮಾಡಿದ ವಿಮಲಕ್ಕ

ವಿಮಲಕ್ಕ ಎದುರು ಬಂದವರ ಮುಖ ನೋಡುವ ಮೊದಲು ಅಂಗಿಯ ಗುಂಡಿ ನೋಡುತ್ತಿದ್ದರು. ನಾನು ಓಖ್ಲಾದ ಮುದ್ರಣಾಲಯಕ್ಕೆ ಉಸ್ತುವಾರಿ ಕೆಲಸಕ್ಕೆ ಸೇರಿದ ದಿನ, ಹೆಸರು ಹೇಳಲೂ ಬಿಡದೆ, "ಮೇಲಿಂದ ಮೂರನೇ ಗುಂಡಿ ಬೇರೆ ಅಂಗೀದು. ನೂಲೂ ಬೇರೆ. ಯಾರಪ್ಪಾ ಹೊಲಿದಿದ್ದು?" ಎಂದರು. ನಾನೇ ಹೊಲಿದುಕೊಂಡಿದ್ದೆ. ದೆಹಲಿಯಲ್ಲಿ ಕನ್ನಡದವರೊಬ್ಬರು ಸಿಕ್ಕರಲ್ಲ ಎಂಬ ಸಂತೋಷ ಅಲ್ಲಿಗೇ ಅರ್ಧ ಇಳಿಯಿತು.

ಅವರು ಚಿತ್ರದುರ್ಗದ ಕಡೆಯವರು. ಗಂಡ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಗುಮಾಸ್ತರು. ಮದುವೆಯಾಗಿ ದೆಹಲಿಗೆ ಬಂದ ವಿಮಲಕ್ಕ ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊರದೇಶಕ್ಕೆ ಹೋಗುವ ಅಂಗಿ, ಕೋಟುಗಳನ್ನು ಚೆಕ್ ಮಾಡುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ಎದುರು ಗಲ್ಲಿಯ ನಮ್ಮ ಪ್ರೆಸ್ಸಿಗೆ ಬಂದರು. ಇಲ್ಲಿಯೂ ಅದೇ ಕೆಲಸ. ಮೆಷಿನ್ನಿನಿಂದ ಬಂದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಮಸಿ ಹರಡಿದೆಯೇ, ಬಣ್ಣ ಸರಿದಿದೆಯೇ, ಪುಟ ಹಿಂದುಮುಂದಾಗಿದೆಯೇ ಎಂದು ನೋಡಬೇಕು. ಸರಿಯಿದ್ದರೆ ಕಟ್ಟಿನ ಮೇಲಿನ ಚೀಟಿಗೆ ಸಹಿ ಹಾಕಬೇಕು. ಅವರ ಸಹಿ ಇಲ್ಲದೆ ಯಾವ ಕಟ್ಟೂ ಬೈಂಡಿಂಗಿಗೆ ಹೋಗುತ್ತಿರಲಿಲ್ಲ.

ಹಾಳೆ ಓದಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಆದರೂ ಓದುತ್ತಿದ್ದರು. ಅಮೆರಿಕದ ಒಬ್ಬ ಸಣ್ಣ ಪ್ರಕಾಶಕ ಸ್ಯಾನ್ ಫ್ರಾನ್ಸಿಸ್ಕೋ ನಗರದ ಹಳೆಯ ಫೋಟೋಗಳ ಪುಸ್ತಕಗಳನ್ನು ಒಂದಾದ ಮೇಲೊಂದರಂತೆ ನಮ್ಮಲ್ಲೇ ಅಚ್ಚು ಹಾಕಿಸುತ್ತಿದ್ದ. ಒಂದೊಂದು ಬಡಾವಣೆಗೆ ಒಂದೊಂದು ಪುಸ್ತಕ. ವಿಮಲಕ್ಕನ ಇಂಗ್ಲಿಷ್ ನಿಧಾನದ್ದು, ಬೆರಳಿಟ್ಟು ಓದುವಂಥದ್ದು. ಹಾಗೆ ಓದಿಯೇ ಆ ಊರನ್ನು ಪೂರಾ ತಲೆಯಲ್ಲಿ ಇಟ್ಟುಕೊಂಡಿದ್ದರು. 1906ರ ಭೂಕಂಪಕ್ಕೆ ಮೊದಲು ಯಾವ ಮೂಲೆಯಲ್ಲಿ ಯಾವ ಹೋಟೆಲಿತ್ತು, ಬೆಂಕಿ ಯಾವ ಬೀದಿಯವರೆಗೆ ಬಂದು ನಿಂತಿತು, ಮನೆ ಕಳೆದುಕೊಂಡವರು ಯಾವ ಕಾರಂಜಿಯ ಹತ್ತಿರ ಸೇರಿ ತಮ್ಮವರನ್ನು ಹುಡುಕುತ್ತಿದ್ದರು, ಎಲ್ಲವೂ ಗೊತ್ತು. ಕುತುಬ್ ಮಿನಾರ್ ಮಾತ್ರ ನೋಡಿರಲಿಲ್ಲ. ಕೇಳಿದರೆ "ಅದೆಲ್ಲಿ ಓಡಿಹೋಗ್ತದೆ, ನೋಡಿದ್ರಾಯ್ತು" ಎನ್ನುತ್ತಿದ್ದರು. ಊರಿನಿಂದ ನೆಂಟರು ಬಂದರೆ ತಿರುಗಾಡಿಸುವ ಕೆಲಸ ಗಂಡನ ಪಾಲಿಗೆ.

ಒಮ್ಮೆ ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಮೇಜಿನಲ್ಲಿ ಬೆಂಗಳೂರಿನ ಒಬ್ಬ ಅಧಿಕಾರಿ ತಮ್ಮ ಅಮೆರಿಕಾ ಪ್ರವಾಸ ವರ್ಣಿಸುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ದೋಣಿಕಟ್ಟೆಯ ಗಡಿಯಾರದ ಗೋಪುರವೂ ಭೂಕಂಪದಲ್ಲಿ ಬಿತ್ತು, ಈಗಿರುವುದು ಹೊಸದು ಎಂದರು. ವಿಮಲಕ್ಕ ಸಾರು ಕಲಸುವ ಕೈ ನಿಲ್ಲಿಸಿ, "ಗೋಪುರ ಬೀಳಲಿಲ್ಲ ಸಾರ್. ಗಡಿಯಾರ ನಿಂತಿತು ಅಷ್ಟೇ" ಎಂದರು.

ಅಧಿಕಾರಿ ತಿರುಗಿ, "ಹೌದಾ? ನೀವು ಯಾವಾಗ ಹೋಗಿದ್ರಿ?" ಎಂದು ಕೇಳಿದರು.

"ನಾನು ಹೋಗಿಲ್ಲ. ಚೆಕ್ ಮಾಡಿದ್ದೀನಿ."

ನನಗೆ ನಾಚಿಕೆಯಾಯಿತು. ಆಗ ನನಗೆ ಎಲ್ಲದಕ್ಕೂ ನಾಚಿಕೆಯೇ. ಇಂಥ ಹೆಂಗಸಿನ ಜೊತೆ ಕೆಲಸ ಮಾಡುವುದೆಂದರೆ ದಿನವೂ ತಲೆನೋವು. ಮೆಷಿನ್ ನಿಲ್ಲಿಸುತ್ತಾರೆ, ಮಾಲೀಕರು ನನ್ನ ಮೇಲೆ ಹಾರಾಡುತ್ತಾರೆ, ನಾನು ಇವರ ಮೇಲೆ ರೇಗುತ್ತೇನೆ. ಇವರು ಭೂತಗನ್ನಡಿಯನ್ನು ಸೆರಗಿನಿಂದ ಒರೆಸುತ್ತಾ "ಮುಗೀತಾ? ಚಲೋ, ಈಗ ಈ ಕಡೆ ನೋಡು" ಎನ್ನುತ್ತಾರೆ. ನೋಡಿದರೆ ತಪ್ಪು ಇದ್ದೇ ಇರುತ್ತಿತ್ತು. ಅದೇ ನನಗೆ ಇನ್ನೂ ಸಿಟ್ಟು ತರಿಸುತ್ತಿತ್ತು.

ಕೊನೆಯ ಜಗಳವೂ ಆ ಊರಿನ ಫೋಟೋ ಒಂದರ ಮೇಲೆಯೇ. ಭೂಕಂಪದ ನಂತರದ ಮಾರ್ಕೆಟ್ ಸ್ಟ್ರೀಟ್. ಮುಂದೆ ಟೋಪಿ ಹಾಕಿದ ಐದು ಜನ ಗಂಡಸರು ನಮ್ಮ ಕಡೆ ಮುಖ ಮಾಡಿ ನಿಂತಿದ್ದಾರೆ. ಹಿಂದೆ ಸುಟ್ಟ ಕಟ್ಟಡಗಳು, ದೂರದಲ್ಲಿ ಮಸುಕಾಗಿ ಆ ಗೋಪುರ. ಮೂರೇ ದಿನದಲ್ಲಿ ಪುಸ್ತಕಗಳು ಬೈಂಡಾಗಿ ಕಂಟೇನರ್ ಹತ್ತಬೇಕು. ವಿಮಲಕ್ಕ ನನ್ನನ್ನು ಕರೆಸಿದರು.

"ಇವರೆಲ್ಲ ಹೆಂಗಸರ ಕೋಟು ಯಾಕೆ ಹಾಕ್ಕೊಂಡಿದ್ದಾರೆ?"

ನನಗೆ ಅರ್ಥವಾಗಲಿಲ್ಲ. ಗಂಡಸರ ಕೋಟಿನಲ್ಲಿ ಎಡಗಡೆಯ ಬಟ್ಟೆ ಮೇಲೆ ಬರಬೇಕು, ಗುಂಡಿ ಬಲಗಡೆ ಇರಬೇಕು, ಇಲ್ಲಿ ಐವರದ್ದೂ ಉಲ್ಟಾ ಇದೆ ಎಂದು ತೋರಿಸಿದರು. "ಒಬ್ಬನದು ಹಾಗಿದ್ರೆ ಹೆಂಡತಿ ಕೋಟು ಹಾಕ್ಕೊಂಡು ಓಡಿಬಂದ ಅನ್ನಬಹುದು. ಐದು ಜನಾನೂ ಹಾಗೇ ಬರ್ತಾರಾ? ಫೋಟೋನೇ ತಿರುಗಿದೆ ಕಣಪ್ಪಾ. ಗೋಪುರದ ಕಡೆ ಮುಖ ಮಾಡಿದ್ರೆ ಈ ಗುಮ್ಮಟದ ಕಟ್ಟಡ ಬಲಕ್ಕೆ ಬರಬೇಕು. ಇಲ್ಲಿ ಎಡಕ್ಕಿದೆ."

ಪ್ರಕಾಶಕರಿಗೆ ಮೇಲ್ ಹಾಕಿದೆ. ಚಿತ್ರ ತಿರುಗಿರಬಹುದೇ, ದಯವಿಟ್ಟು ನೋಡಿ ಎಂದು ಎರಡೇ ಸಾಲು. ಚಿತ್ರ ಸಂಗ್ರಹಾಲಯದಿಂದ ಬಂದಂತೆಯೇ ಇದೆ, ನಾವು ಒಪ್ಪಿಗೆ ಕೊಟ್ಟಾಗಿದೆ, ಮುಂದುವರಿಸಿ ಎಂದು ಬೆಳಿಗ್ಗೆ ಉತ್ತರ ಬಂತು. ಮಾಲೀಕರು "ಅಪ್ರೂವಲ್ ಹೋ ಗಯಾ ನಾ? ಬೈಂಡಿಂಗ್ ಮೇ ಭೇಜೋ" ಎಂದು ಒಳಗೆ ಹೋದರು.

ವಿಮಲಕ್ಕ ಸಹಿ ಹಾಕಲಿಲ್ಲ. "ಗುಂಡಿ ವಿಷಯ ಬರೆದೆಯಾ?" ಎಂದು ಕೇಳಿದರು. ಬರೆದಿರಲಿಲ್ಲ. "ಬರಿ. ಅವರಿಗೆ ಗೊತ್ತಾಗ್ತದೆ." ಬರೆಯಲು ಕೂತೆ. ನಾಲ್ಕು ಸಾಲು ಬರೆದು ಅಳಿಸಿದೆ. ಆ ಊರಿನವರಿಗೆ ಅವರ ಊರಿನ ಮುಖ್ಯ ಬೀದಿಯ ಎಡಬಲವನ್ನು ಓಖ್ಲಾದಿಂದ, ಅದೂ ಕೋಟಿನ ಗುಂಡಿ ಹಿಡಿದು, ಹೇಳಿಕೊಡುವುದೇ? ನಗುತ್ತಾರೆ ಅನಿಸಿತು. ನಿಜ ಹೇಳಬೇಕೆಂದರೆ, ವಿಮಲಕ್ಕ ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬರೆಯಲಿಲ್ಲ.

ಅವರು ಊಟಕ್ಕೆ ಹೋದಾಗ ಕಟ್ಟುಗಳ ಚೀಟಿಯ ಮೇಲೆ ಅವರ ಸಹಿಯನ್ನು ನಾನೇ ಹಾಕಿದೆ. ಇಂಗ್ಲಿಷಿನ ವಿ ಅಕ್ಷರ, ಕೆಳಗೊಂದು ಗೆರೆ, ಅಷ್ಟೇ. ಕಷ್ಟವೇನಿರಲಿಲ್ಲ.

ಊಟ ಮುಗಿಸಿ ಬಂದವರು ಒಂದು ಚೀಟಿಯನ್ನು ಎತ್ತಿ ನೋಡಿದರು. ಮಾಲೀಕರ ಕೋಣೆಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ "ಇದು ನನ್ನ ಕೈ ಅಲ್ಲ" ಎಂದರು. ತಿಂಗಳು ಮುಗಿಯುತ್ತಲೇ ಕೆಲಸ ಬಿಟ್ಟರು. ಗಂಡ ನಿವೃತ್ತರಾಗುತ್ತಿದ್ದಾರೆ, ದೆಹಲಿಯ ಇನ್ನೊಂದು ತುದಿಯ ದ್ವಾರಕಾಕ್ಕೆ ಮನೆ ಬದಲಿಸುತ್ತಿದ್ದೇವೆ ಎಂದು ಎಲ್ಲರಿಗೂ ಹೇಳಿದರು. ಅದೂ ಸುಳ್ಳಾಗಿರಲಿಲ್ಲ.

ಆರು ತಿಂಗಳ ಮೇಲೆ ಪ್ರಕಾಶಕರಿಂದ ಕಾಗದ ಬಂತು. ಆ ಊರಿನ ಓದುಗರೊಬ್ಬರು ಚಿತ್ರ ಉಲ್ಟಾ ಇದೆ ಎಂದು ಪತ್ತೆ ಹಚ್ಚಿದ್ದರು. ಮಾಲೀಕರು ಹಳೆಯ ಚೀಟಿಗಳನ್ನು ತೆಗೆಸಿ, ಸಹಿ ನೋಡಿ, ವಿಮಲಕ್ಕನಿಗೆ ಫೋನ್ ಮಾಡಿ ಬೈದರು. ಮೊದಲು ಅನುಮಾನಪಟ್ಟವರೇ ಅವರೆಂಬುದು ಮಾಲೀಕರಿಗೆ ತಿಳಿದಿರಲಿಲ್ಲ. ಮೇಲ್ ಕಳಿಸಿದಾಗ ನಾನು ವಿಮಲಕ್ಕನ ಹೆಸರನ್ನು ಎತ್ತಿರಲೇ ಇಲ್ಲ.

ಆ ಭಾನುವಾರ ದ್ವಾರಕಾಕ್ಕೆ ಹೋದೆ. ವಿಮಲಕ್ಕ ಬಾಗಿಲು ತೆಗೆದು ಒಳಗೆ ಕರೆದರು, ಮಜ್ಜಿಗೆ ಕೊಟ್ಟರು. ಫೋನ್ ಬಂದಾಗ ಯಾಕೆ ನಿಜ ಹೇಳಲಿಲ್ಲ ಎಂದು ನಾನೇ ಕೇಳಿದೆ, ತಪ್ಪು ಅವರದೇ ಎಂಬ ಧಾಟಿಯಲ್ಲಿ.

"ನಾನಲ್ಲ ಅಂದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ನಾನೇ ಅನ್ನೋಕೆ ಬಾಯಿ ಬರಲಿಲ್ಲ. ಫೋನ್ ಇಟ್ಬಿಟ್ಟೆ" ಎಂದರು. ಖಾಲಿ ಲೋಟ ತೆಗೆದುಕೊಳ್ಳುತ್ತಾ, "ಅಂಗಿ, ಪುಸ್ತಕ, ಎರಡರಲ್ಲೂ ನನ್ನ ಸಹಿ ಇದ್ದ ಮಾಲು ಒಂದೂ ವಾಪಸ್ ಬಂದಿರಲಿಲ್ಲ. ನೀನು ಹೋಗಿ ಮಾಲೀಕರಿಗೆ ಹೇಳು. ಹೇಳಿದ ಮೇಲೆ ಮತ್ತೆ ಈ ಮನೆಗೆ ಬಾ. ಅಲ್ಲೀತನಕ ಬೇಡ" ಎಂದರು. ದನಿ ಏರಿಸಲಿಲ್ಲ. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಮಾರನೆಯ ಬೆಳಿಗ್ಗೆ ಹೇಳಿಬಿಡಬೇಕೆಂದೇ ಪ್ರೆಸ್ಸಿಗೆ ಹೋದೆ. ಹೋಗುವಷ್ಟರಲ್ಲಿ ಮಾಲೀಕರು ಆ ಹಾಳೆಯನ್ನೂ ಚೀಟಿಯನ್ನೂ ಚೆಕಿಂಗ್ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದರು. ಇಂಥ ಕೆಲಸ ಮಾಡಬೇಡಿ ಎಂದು ಎಲ್ಲರಿಗೂ ಪಾಠ. ಅವರ ಮುಖ ನೋಡಿ, ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಗೆ ಈಗ ಒಂದೂವರೆ ವರ್ಷ. ನಡುವೆ ನನಗೆ ಬಡ್ತಿಯೂ ಆಯಿತು. ಒಮ್ಮೆ ದ್ವಾರಕಾದ ಮೆಟ್ರೋ ಹತ್ತಿ, ಅರ್ಧ ದಾರಿಯಲ್ಲೇ ಇಳಿದು ವಾಪಸ್ ಬಂದೆ.

ಕಳೆದ ವಾರ ಆ ಮೇಜಿಗೆ ಹೊಸದಾಗಿ ಒಬ್ಬರು ಸೇರಿದರು. ಕೆಲಸ ತೋರಿಸುತ್ತಿದ್ದಾಗ ಗೋಡೆಯ ಹಾಳೆಯನ್ನು ನೋಡಿ, "ಇದನ್ನು ಪಾಸ್ ಮಾಡಿದ್ದು ಯಾರು ಸರ್?" ಎಂದು ಕೇಳಿದರು.

"ಮುಂಚೆ ಒಬ್ಬರಿದ್ದರು" ಎಂದೆ.