ಜ್ವರಕ್ಕೆ ಕೂತ ಲ್ಯಾಪ್‌ಟಾಪ್

ಕೈಕೊಟ್ಟ ಯಂತ್ರದ ಮುಂದೆ ನಾನು ಇವತ್ತಿನವರೆಗೂ ಸೋಲೊಪ್ಪಿಕೊಂಡವನಲ್ಲ. ಗೆದ್ದದ್ದೂ ಇಲ್ಲ ಎಂಬುದು ಬೇರೆ ಮಾತು. ನಿಂತ ಗಡಿಯಾರವನ್ನು ಬಿಚ್ಚಿ, ಮತ್ತೆ ಜೋಡಿಸಿ, ಮಿಕ್ಕ ಎರಡು ಸ್ಕ್ರೂಗಳನ್ನು ಯಾರಿಗೂ ಕಾಣದಂತೆ ಸಕ್ಕರೆ ಡಬ್ಬದ ಹಿಂದೆ ಇಟ್ಟವನು ನಾನು. ಮಿಕ್ಸಿಗೆ ಮೇಲಿನಿಂದ ಒಂದು ಏಟು ಕೊಟ್ಟರೆ ಓಡುತ್ತದೆ ಎಂದು ಕಂಡುಹಿಡಿದವನೂ ನಾನೇ. ಎರಡನೇ ಏಟಿಗೆ ಅದರ ಮುಚ್ಚಳ ಸೀಳಿತು. ಕನಕಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿ ನನಗೆ ಅಂಟಿರುವ ಚಟ ಇದು: ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವರು ಯಾರೇ ಇರಲಿ, ಎಬ್ಬಿಸಿಯೇ ತೀರಬೇಕು.

ಹಾಗಾಗಿ ಆ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಲ್ಯಾಪ್‌ಟಾಪ್ ಬಟನ್ ಒತ್ತಿದರೂ ಕಣ್ಣು ಬಿಡದಿದ್ದಾಗ ನಾನು ಅಂಗಿಯ ತೋಳು ಮಡಚಿದೆ. ಬೇರೆ ದಿನವಾಗಿದ್ದರೆ ಅದೊಂದು ಮೋಜು. ಆದರೆ ಅಂದು ಮೂರು ಗಂಟೆಗೆ ನನ್ನ ಹೆಂಡತಿ ಸುಧಾಳಿಗೆ ಪರೀಕ್ಷೆಯಿತ್ತು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಪತ್ರವ್ಯವಹಾರ ನೋಡಿಕೊಳ್ಳಲು ಜನ ಬೇಕಾಗಿದ್ದರು. ಪರೀಕ್ಷೆಯನ್ನು ಮನೆಯಿಂದಲೇ, ಮೊದಲೇ ನೋಂದಾಯಿಸಿದ ಕಂಪ್ಯೂಟರಿನಲ್ಲೇ, ಕ್ಯಾಮೆರಾದ ಎದುರು ಕೂತು ಬರೆಯಬೇಕು. ಇನ್ನೊಬ್ಬರದ್ದು ತಂದರೆ ನಡೆಯುವುದಿಲ್ಲ. ಇನ್ನೊಂದು ದಿನ ಕೊಡುವುದೂ ಇಲ್ಲ.

ಬಿ.ಎ. ಮುಗಿಸಿದ ವರ್ಷವೇ ಮದುವೆಯಾಗಿ ಬಂದವಳು ಸುಧಾ. ಈಗ ನಲವತ್ನಾಲ್ಕು ವಯಸ್ಸು. ಜಾಹೀರಾತು ನೋಡಿದಾಗಿನಿಂದ ನಾಲ್ಕು ತಿಂಗಳು, ನಾನು ಸ್ಕೂಲಿಗೆ ಹೋದ ಮೇಲೆ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಟೈಪಿಂಗ್ ಕಲಿತಿದ್ದಳು. ರಜೆಯ ದಿನ ಅದು ನನ್ನ ಕೈಯಲ್ಲಿರುತ್ತಿದ್ದರಿಂದ, ಹಳೆಯ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಕೀಲಿಮಣೆ ಬರೆದುಕೊಂಡು ಅದರ ಮೇಲೆ ಬೆರಳಾಡಿಸುತ್ತಿದ್ದಳು. ಸದ್ದಿಲ್ಲದ ಆ ಟೈಪಿಂಗನ್ನು ನಾನು ಎಷ್ಟೋ ಸಲ ನೋಡಿ ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನೂ ನಾಚಿಕೆಯ ಸಂಗತಿ, ಅದನ್ನು ಕೊನೆಗೆ ಮುಟ್ಟಿದವನು ನಾನು. ಬೆಳಿಗ್ಗೆ ಮಕ್ಕಳ ಹಾಜರಿ ನೋಡಿ, ಹೊತ್ತಾಯಿತೆಂದು ಬಂದ್ ಮಾಡದೆ ಹಾಗೇ ಮುಚ್ಚಿ, ಬೀರುವಿನಲ್ಲಿ ಹೊದಿಕೆಗಳ ನಡುವೆ ತುರುಕಿದ್ದೆ. ಹನ್ನೆರಡೂವರೆಗೆ ಬಂದು ತೆಗೆದಾಗ ಬಿಸಿ ರೊಟ್ಟಿಯ ಹಾಗಿತ್ತು. ಹೊದಿಕೆಯ ವಿಷಯವನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಚಾರ್ಜರ್ ಚುಚ್ಚಿದೆ. ಹಾಲಿನ ಪ್ಲಗ್ ಬಿಟ್ಟು ದೇವರಮನೆಯ ಪ್ಲಗ್ಗಿಗೆ ಹಾಕಿದೆ, ಅಲ್ಲಿಂದ ಫ್ರಿಜ್ಜಿನ ಪ್ಲಗ್ಗಿಗೆ. ಚಾರ್ಜರಿನ ದೀಪ ಉರಿಯುತ್ತಿತ್ತು, ಯಂತ್ರ ಮಾತ್ರ ಕಲ್ಲಿನ ಹಾಗೆ ಕೂತಿತ್ತು. ಆಯುಧಪೂಜೆಯಲ್ಲಿ ಅದರ ಹಣೆಗಿಟ್ಟ ಕುಂಕುಮದ ಮೇಲೂ ಅನುಮಾನ ಬಂದು, ಒದ್ದೆ ಬಟ್ಟೆಯಿಂದ ಒರೆಸಿದೆ. ಒರೆಸಿದ ಮೇಲೆ ದೇವರಿಗೆ ಕೋಪ ಬಂದೀತೆಂದು ಹೆದರಿ ಕೈಮುಗಿದೆ. ಪಾಠ ಮಾಡುವಾಗ ವೈಚಾರಿಕತೆಯ ಬಗ್ಗೆ ನಾನು ಚೆನ್ನಾಗಿ ಮಾತನಾಡುತ್ತೇನೆ.

ಕೊನೆಗೆ ನಯಾಜ್ ಭಾಯಿಗೆ ಫೋನು ಮಾಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಅವರು. ಅಂದು ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಚನ್ನಪಟ್ಟಣಕ್ಕೆ ಹೋಗಿದ್ದರು. ಬಿರಿಯಾನಿ ತಟ್ಟೆಗಳ ಸದ್ದಿನ ನಡುವೆಯೂ ನನ್ನ ವರದಿಯನ್ನು ತಾಳ್ಮೆಯಿಂದ ಕೇಳಿ ಹೇಳಿದರು: "ಚಾರ್ಜರ್ ಕಿತ್ತಾಕಿ ಮೇಷ್ಟ್ರೇ. ಬಟನ್ನ ಅರ್ಧ ನಿಮಿಷ ಒತ್ತಿ ಹಿಡ್ಕಳಿ. ಆಮೇಕೆ ಒಸಿ ಹೊತ್ತು ಹಂಗೇ ಬುಟ್‌ಬುಡಿ."

ಎಡವಟ್ಟಾದದ್ದು ಇಲ್ಲೇ. ನಮ್ಮ ಕಡೆಯ "ಒಸಿ" ಎಂಬ ಪದದ ಮೇಲೆ ಯಾರಾದರೂ ಸಂಶೋಧನೆ ಮಾಡಬೇಕು. ನಿಘಂಟಿನ ಪ್ರಕಾರ ಅದು ಸ್ವಲ್ಪ, ಕೊಂಚ. ವ್ಯವಹಾರದಲ್ಲಿ ಅದಕ್ಕೆ ಅಳತೆಯೇ ಇಲ್ಲ. ಸಾರಿಗೆ ಒಸಿ ಉಪ್ಪು ಎಂದರೆ ಚಿಟಿಕೆ. ಒಸಿ ಮುದ್ದೆ ಹಾಕ್ಸಕಳಿ ಎಂದರೆ ತೆಂಗಿನಕಾಯಿ ಗಾತ್ರದ್ದು. ಮಾಗಡಿ ಕಡೆಯ ಹಳ್ಳಿಯಲ್ಲಿ ದಾರಿ ಕೇಳಿದಾಗ "ಇಲ್ಲೇ ಒಸಿ ಮುಂದಕ್ಕೆ" ಎಂದವರ ಮಾತು ನಂಬಿ ನಾನು ಚಪ್ಪಲಿ ಸವೆಸಿದ್ದೇನೆ. ಇಷ್ಟೆಲ್ಲ ತಿಳಿದವನು ಎಷ್ಟು ಹೊತ್ತು ಎಂದು ಕೇಳಬೇಕಿತ್ತು. ಕೇಳಲಿಲ್ಲ, ನನ್ನ ಒಸಿ ಹತ್ತು ಸೆಕೆಂಡಿಗೆ ಮುಗಿಯಿತು. ಒತ್ತಿ ಹಿಡಿದೆ, ಬಿಟ್ಟೆ, ಹತ್ತು ಎಣಿಸಿದೆ, ಚಾರ್ಜರ್ ಚುಚ್ಚಿದೆ. ಏನೂ ಇಲ್ಲ. ಮತ್ತೆ ಕಿತ್ತೆ, ಒತ್ತಿದೆ, ಎಣಿಸಿದೆ, ಚುಚ್ಚಿದೆ. ಹೀಗೆ ಎರಡು ಗಂಟೆಯವರೆಗೂ ಹಟ ಬಿಡಲಿಲ್ಲ. ಹೆಬ್ಬೆರಳು ಕೆಂಪಾಯಿತು, ಬೆವರಿಗೆ ಅಂಗಿ ಅಂಟಿತು.

ಸುಧಾ ಅಷ್ಟು ಹೊತ್ತಿಗೆ ಕ್ಯಾಮೆರಾಕ್ಕೆಂದು ನೀಲಿ ಸೀರೆ ಉಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಆಗ ತಡೆಯಲಾರದೆ, ಬೆಳಿಗ್ಗೆ ಅದನ್ನು ಬಂದ್ ಮಾಡದೆ ಹೊದಿಕೆಯೊಳಗೆ ತುರುಕಿದ್ದನ್ನು ಹೇಳಿಬಿಟ್ಟೆ. ಅವಳು ಹತ್ತಿರ ಬಂದು, ಯಂತ್ರದ ಬೆನ್ನಿಗೆ ಅಂಗೈಯಿಟ್ಟು ನೋಡಿ, ಚಾರ್ಜರನ್ನು ಕಿತ್ತು ಸುತ್ತಿಟ್ಟಳು.

"ಜ್ವರಕ್ಕೆ ಕೂತೈತೆ ಕಣ್ರೀ ಇದು," ಎಂದಳು. "ಜ್ವರಕ್ಕೆ ಕೂತ ಹುಳಕ್ಕೆ ಯಾರಾನಾ ಸೊಪ್ಪು ಹಾಕ್ತಾರಾ? ಮುಟ್ಟಬ್ಯಾಡಿ, ಅದಾಗದೇ ಏಳ್ಲಿ."

ಅವಳ ತವರು ಗುಡೇಮಾರನಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೈಯ ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಪುಸ್ತಕಗಳಲ್ಲಿ ಬೇರೆ ದೊಡ್ಡ ಪದವಿದೆ, ಆದರೆ ಹುಳುಮನೆಯಲ್ಲಿ ಒಂದನೇ ಜ್ವರ, ಎರಡನೇ ಜ್ವರ ಎಂದೇ ಲೆಕ್ಕ. ಆಗ ಹುಳು ತಿನ್ನುವುದಿಲ್ಲ, ಅಲುಗುವುದಿಲ್ಲ. ತಲೆಯೆತ್ತಿಕೊಂಡು ಸತ್ತಂತೆ ಕೂತಿರುತ್ತದೆ. ಗೊತ್ತಿಲ್ಲದವರು ಸತ್ತೇ ಹೋಯಿತೆಂದು ಎಸೆದಾರು, ಇಲ್ಲವೇ ಪಾಪ ಹಸಿದಿದೆಯೆಂದು ಸೊಪ್ಪು ಸುರಿದಾರು. ಎರಡೂ ತಪ್ಪು. ಹಳೆಯ ಪೊರೆ ಬಿಗಿಯಾದದ್ದರಿಂದ ಅದು ಕೂತಿದೆ. ಎದ್ದಾಗ ಮೊದಲಿಗಿಂತ ದೊಡ್ಡದಾಗಿರುತ್ತದೆ. ಪದಗಳನ್ನು ಪಾಠ ಮಾಡುವವನು ನಾನು, ಬೇಕಾದ ಹೊತ್ತಿಗೆ ಪದ ಸಿಕ್ಕಿದ್ದು ಅವಳಿಗೆ.

ಯಂತ್ರವನ್ನು ಫ್ಯಾನಿನ ಕೆಳಗೆ, ಬರೀ ನೆಲದ ಮೇಲೆ ಇಟ್ಟಳು. ನನಗೆ ಊಟ ಬಡಿಸಿ ತಾನೂ ಕೂತಳು. ಮುರಿದ ತುತ್ತನ್ನು ಬಾಯಿಗಿಡದೆ ಸಾರಿನಲ್ಲಿ ಮತ್ತೆ ಮತ್ತೆ ಹೊರಳಿಸುತ್ತಿದ್ದಳು. ಧೈರ್ಯ ಎಂದರೆ ಹೆದರಿಕೆ ಇಲ್ಲದಿರುವುದು ಎಂದು ನಾನು ಎಷ್ಟೋ ಮಕ್ಕಳಿಗೆ ಬರೆಸಿದ್ದೇನೆ; ಆ ಪಾಠ ತಿದ್ದಬೇಕು. ನನಗೆ ಗಡಿಯಾರದಿಂದ ಕಣ್ಣು ಕೀಳಲಾಗಲಿಲ್ಲ. ಎರಡು ಸಲ ಎದ್ದೆ, ಎರಡು ಸಲವೂ ಅವಳು ಕಣ್ಣಿನಲ್ಲೇ ಕೂರಿಸಿದಳು. ಮದುವೆಯಾಗಿ ನಮ್ಮ ಅಡುಗೆಮನೆಗೆ ಬಂದ ಮೇಲೆ ಇಷ್ಟು ವರ್ಷ ಅವಳು ಓದಿನ ಸುದ್ದಿ ಎತ್ತಿರಲಿಲ್ಲ. ಆಸೆ ಇಲ್ಲವೆಂದು ನಾನು ತಿಳಿದಿದ್ದೆ. ಒಂದು ಸಲವೂ ಕೇಳಿರಲಿಲ್ಲ.

ಎರಡು ಗಂಟೆ ನಲವತ್ತು ನಿಮಿಷಕ್ಕೆ ಅವಳು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ನೆಲದ ಮೇಲೆ ಕೂತು ಮತ್ತೆ ಬೆನ್ನು ಮುಟ್ಟಿ ನೋಡಿದಳು. ತಣ್ಣಗಾಗಿತ್ತು. ಚಾರ್ಜರ್ ಹಾಕಿ, ಬಟನ್ನಿನ ಮೇಲೆ ಬೆರಳಿಟ್ಟು ಒಮ್ಮೆ ಒತ್ತಿ ಬಿಟ್ಟಳು. ಮೊದಲು ಒಳಗಿನ ಫ್ಯಾನ್ ಗುಯ್ಗುಟ್ಟಿತು. ಆಮೇಲೆ ತೆರೆಯ ಮೇಲೆ ಬೆಳಕು. ನಾನು ಕೂಗಬೇಕೆಂದು ಬಾಯಿ ತೆರೆದೆ; ಅವಳು ಆಗಲೇ ಪಾಸ್‌ವರ್ಡ್ ಹೊಡೆಯುತ್ತಿದ್ದಳು, ಹತ್ತೂ ಬೆರಳಿನಲ್ಲಿ, ಕೀಲಿಗಳ ಕಡೆ ನೋಡದೆ. ಕ್ಯಾಮೆರಾದಲ್ಲಿ ಬೇರೆ ಯಾರೂ ಕಾಣಬಾರದೆಂದು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಜಗುಲಿಯಲ್ಲಿ ಕೂತು ಒಂದು ಗಂಟೆ ನಾನು ಆ ಟಕಟಕ ಸದ್ದು ಕೇಳಿದೆ. ಸದ್ದು ನಿಂತಾಗೆಲ್ಲ ನನ್ನ ಎದೆಯೂ ಒಸಿ ನಿಲ್ಲುತ್ತಿತ್ತು.

ಕೆಲಸ ಸಿಕ್ಕಿತು. ಈಗ ಲ್ಯಾಪ್‌ಟಾಪ್ ದಿನಾ ಬೆಳಿಗ್ಗೆ ಅವಳ ಹೆಗಲೇರಿ ಹಾರೋಹಳ್ಳಿಯ ಬಸ್ಸು ಹತ್ತುತ್ತದೆ. ಭಾನುವಾರ ಕೇಳಿದರೆ, ಆಫೀಸಿನ ಕಾಗದಗಳಿವೆ, ನೀವು ಮುಟ್ಟಬೇಡಿ ಎನ್ನುತ್ತಾಳೆ. ಹಾಗಾಗಿ ಈ ಪ್ರಬಂಧವನ್ನು ಕೈಯಲ್ಲೇ ಬರೆದಿದ್ದೇನೆ. ಅಕ್ಷರ ಅರ್ಥವಾಗದಿದ್ದರೆ ಸಂಪಾದಕರು ದಯವಿಟ್ಟು ಮನೆಗೆ ಫೋನು ಮಾಡಬೇಕು, ಸುಧಾ ಓದಿ ಹೇಳುತ್ತಾಳೆ. ಆದರೆ ಸಂಜೆ ಆರೂವರೆಯ ಮೇಲೆ ಮಾಡಿ; ಅದಕ್ಕೆ ಮುಂಚೆ ಮೇಡಂ ಸಿಗುವುದಿಲ್ಲ.